ನಾಚ್ಕಿ ಯಾರ ಪಾಲಿಗೆ?

'ನಾಚ್ಕಿ ಬರೂದಿಲ್ಲೇನ ನಿನಗ?' ಚಿಕ್ಕೋಡಿ, ರಾಯಬಾಗ ಕಡೆ ಈ ಮಾತು ಕೇಳದೆ ಬೆಳೆದವರಿಲ್ಲ. ಆದರೆ ಗೌಡರ ಮನಿ ಹುಡುಗನಿಗೆ ಯಾರಾದರೂ ಹಾಗೆ ಕೇಳಿದ್ದನ್ನು ನಾವಂತೂ ಕಂಡಿಲ್ಲ. ಕೇಳಿಸಿಕೊಂಡವರು ನಮ್ಮ ಅವ್ವಂದಿರು, ಅಕ್ಕಂದಿರು, ಕೇರಿಯ ಮಕ್ಕಳು.

ಈ ಪಕ್ಷಪಾತ ನಮ್ಮ ಭಾಷೆಯೊಂದರದೇ ಅಲ್ಲ. ಇಂಗ್ಲಿಷಿನಲ್ಲಿ ಹಿಂದೆ 'ಶೇಮ್‌ಫಾಸ್ಟ್' ಎಂಬ ಶಬ್ದವಿತ್ತು. ಈಗ ಬಳಕೆ ತಪ್ಪಿದೆ. ಇಲ್ಲಿ 'ಫಾಸ್ಟ್' ಅಂದರೆ ಜೋರು ಓಟವಲ್ಲ, ಗಟ್ಟಿಯಾಗಿ ಬಿಗಿದದ್ದು. ನಾಚಿಕೆಯಲ್ಲಿ ಬಿಗಿದವರು, ಗೂಟಕ್ಕೆ ಕಟ್ಟಿದ ದನದ ಹಾಗೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಈ ಗುಣ ಬರುವುದು ಹೆಂಗಸರು ಹೇಗೆ ಉಡಬೇಕು ಅಂತ ಹೇಳುವಲ್ಲಿ. ಅದರ ಹಿಂದಿನ ವಾಕ್ಯ ಗಂಡಸರಿಗೆ, ಅಲ್ಲಿ ಉಡುಪಿನ ಸುದ್ದಿಯೇ ಇಲ್ಲ! ಜನರ ಬಾಯಲ್ಲಿ ಆಗಲೇ 'ಫಾಸ್ಟ್' ಸವೆದು 'ಫೇಸ್ಡ್' ಆಗುತ್ತಿತ್ತು. ಬಿಗಿತ ಹೋಗಿ ಮುಖ ಬಂತು. ಮುಂದೆ ಬೈಬಲ್ ಅಚ್ಚುಹಾಕುವವರೂ ಹಾಗೇ ತಿದ್ದಿದರು. 1881ರ ಪರಿಷ್ಕರಣೆಯಲ್ಲಿ ಪಂಡಿತರು ಹಳೆಯದನ್ನೇ ತಂದು ಕೂಡಿಸಿದರೂ ಬಳಕೆಯಲ್ಲಿ ಉಳಿದದ್ದು ಮುಖವೇ.

ಕನ್ನಡದಲ್ಲಿ 'ನಾಣ್' ಇತ್ತು, 'ಸಿಗ್ಗು' ಇತ್ತು. 1894ರ ಕಿಟೆಲ್ ನಿಘಂಟಿನಲ್ಲಿ ಎರಡೂ ಸಿಗುತ್ತವೆ. ಸಿಗ್ಗು ತೆಲುಗರ ಬಾಯಲ್ಲಿ ಇವತ್ತಿಗೂ ಜೀವಂತ, ನಾಣ್ ಮಲಯಾಳಿಗಳಲ್ಲಿ 'ನಾಣಂ' ಆಗಿ ಉಳಿದಿದೆ. ನಮಗೆ ಉಳಿದದ್ದು ಅದೇ ಬೇರಿನ ನಾಚಿಕೆ.

ನಿಪ್ಪಾಣಿ, ಕಾಗವಾಡ, ಅಥಣಿ ಕಡೆ ಕನ್ನಡ ಮರಾಠಿ ಒಂದೇ ಒಲಿಮ್ಯಾಲೆ ಬೇಯುತ್ತವೆ. ಇಲ್ಲಿ ಮರ್ಯಾದೆ ಹೋದರೆ 'ಅಬ್ರು ಹೋತು' ಅಂತಾರೆ. ಈ ಅಬ್ರು ಪಾರ್ಸಿಯದು. 'ಆಬ್' ಅಂದರೆ ನೀರು, ಹೊಳಪು ಅಂತಲೂ ಹೌದು. 'ರೂ' ಅಂದರೆ ಮುಖ. ಮುಖದ ನೀರು! ಕುಡಿಯುವ ನೀರನ್ನೇ ಮೇಲಿನಿಂದ ಹೊಯ್ಯಿಸಿಕೊಂಡು ಬೊಗಸೆಯಲ್ಲಿ ಹಿಡಿದವರಿಗೆ ಈ ಮುಖದ ನೀರನ್ನು ಯಾರು ಬಿಟ್ಟಾರು?

ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ಬೋಲೆಯವರ ಠರಾವು ಒಪ್ಪಿತ್ತು. ಚಿಕ್ಕೋಡಿ, ಅಥಣಿ ಆಗ ಮುಂಬಯಿ ಇಲಾಖೆಯವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಠರಾವು ಕಾಗದದ ಮೇಲೆ ಉಳೀತು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಇಲಾಖೆಯ ಬಹಿಷ್ಕೃತರ ಪರಿಷತ್ತು ಕೂಡಿತು. ಅಧ್ಯಕ್ಷರು ಅಂಬೇಡ್ಕರರು. ತಂಬಾಕಿನ ಊರು ಅಂತಷ್ಟೇ ನಿಪ್ಪಾಣಿಯನ್ನು ಬಲ್ಲ ನಮ್ಮ ಎಷ್ಟೋ ಮಾಸ್ತರರಿಗೆ ಇದು ಗೊತ್ತಿಲ್ಲ.

ಎರಡು ವರ್ಷ ಕಳೆದು, 1927ರ ಮಾರ್ಚ್ 20ರಂದು, ಮಹಾಡದ ಚವದಾರ್ ಕೆರೆಗೆ ಅವರು ಜನರೊಂದಿಗೆ ನಡೆದು ಹೋಗಿ ನೀರು ಕುಡಿದರು. ಬೊಗಸೆ ಅದೇ, ಮೇಲಿನಿಂದ ಹೊಯ್ಯುವ ಕೈ ಮಾತ್ರ ಇರಲಿಲ್ಲ. ಸವರ್ಣರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆ ಸುರಿದು ಕೆರೆಯನ್ನು ಶುದ್ಧಿ ಮಾಡಿದರು, ಕೋರ್ಟಿಗೂ ಹೋದರು. ಆ ನೀರು ನಮ್ಮದೂ ಹೌದೆಂದು ಮುಂಬಯಿ ಹೈಕೋರ್ಟಿನ ತೀರ್ಪು ಬರಲಿಕ್ಕೆ 1937ರ ಮಾರ್ಚ್ ಆಗಬೇಕಾಯಿತು.