ಪೋಪರ ಚುನಾವಣೆ ಬಂದರೆ ವ್ಯಾಟಿಕನ್‌ನಲ್ಲಿ ಏನು ಮುಚ್ಚಿರುತ್ತದೆ, ಏನು ತೆರೆದಿರುತ್ತದೆ?



ಸಾಂಗಲಿ, ಮಿರಜ ಕಡೆಯಿಂದ ಯುರೋಪ್ ಪ್ರವಾಸಕ್ಕೆ ಹೋಗುವ ಹಿರಿಯರಿದ್ದಾರೆ. ನಿವೃತ್ತಿಯ ಹಣದಲ್ಲಿ ಜೀವಮಾನದಲ್ಲಿ ಒಮ್ಮೆ ಹೋಗುವ ಪ್ರವಾಸ ಅದು. ವೀಸಾ, ವಿಮಾನದ ಟಿಕೆಟ್ ಎಲ್ಲ ಮೊದಲೇ ಆಗಿರುತ್ತವೆ. ಅಷ್ಟರಲ್ಲಿ ಪೋಪರ ಸ್ಥಾನ ತೆರವಾದರೆ ಏನಾಗುತ್ತದೆ? ಸದಸ್ಯರ ಉಪಯೋಗಕ್ಕಾಗಿ ಈ ಮಾಹಿತಿ.

ಪಂಢರಪುರದಲ್ಲಿ ಆಷಾಢಿ ವಾರಿ ಬಂದರೆ ವಿಠ್ಠಲನ ಮಂಚ ತೆಗೆದಿಟ್ಟು ಹಗಲು ರಾತ್ರಿ ದರ್ಶನ ಬಿಡುತ್ತಾರೆ. ವ್ಯಾಟಿಕನ್‌ನಲ್ಲಿ ಇದಕ್ಕೆ ವಿರುದ್ಧ. ಜನ ಹೆಚ್ಚು ಸೇರುವ ಹೊತ್ತಿಗೇ ಮುಖ್ಯವಾದ ಒಂದು ಬಾಗಿಲು ಮುಚ್ಚುತ್ತದೆ.

ಮುಚ್ಚುವುದು: ಮೈಕೆಲೇಂಜೆಲೊ ಚಿತ್ರಗಳಿರುವ ಸಿಸ್ಟೀನ್ ಚಾಪೆಲ್. 80 ವರ್ಷದೊಳಗಿನ ಕಾರ್ಡಿನಲ್‌ಗಳು ಮತ ಹಾಕುವುದು ಇಲ್ಲಿಯೇ. ಹೊಗೆ ಬಿಡುವ ಒಲೆ, ಚಿಮಣಿ ಕೂಡಿಸಬೇಕು, ಗುಪ್ತ ಧ್ವನಿಯಂತ್ರಗಳಿವೆಯೇ ಎಂದು ತಪಾಸಣೆ ಆಗಬೇಕು. ಆದ್ದರಿಂದ ಮತದಾನಕ್ಕೆ ವಾರ ಮೊದಲೇ ಮುಚ್ಚುತ್ತಾರೆ.

ಎಷ್ಟು ದಿನ: 2013ರಲ್ಲಿ ಮಾರ್ಚ್ 5ರಂದು ಮುಚ್ಚಿದರು, ಆಯ್ಕೆ ಆದದ್ದು ಮಾರ್ಚ್ 13ಕ್ಕೆ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ನಿಧನರಾದರು. ಏಪ್ರಿಲ್ 28ರಿಂದ ಚಾಪೆಲ್ ಬಂದ್ ಆಯಿತು. ಮೇ 7ಕ್ಕೆ ಮತದಾನ ಶುರುವಾಗಿ ಮರುದಿನವೇ 14ನೇ ಲಿಯೋ ಆಯ್ಕೆಯಾದರು. ಮೂರನೇ ಎರಡರಷ್ಟು ಮತ ಬೀಳುವವರೆಗೆ ಮತದಾನ ನಡೆಯುತ್ತಲೇ ಇರುವುದರಿಂದ ಚಾಪೆಲ್ ಮತ್ತೆ ತೆರೆಯುವ ದಿನವನ್ನು ಮುಂಚೆಯೇ ಹೇಳಲು ಬರುವುದಿಲ್ಲ.

ತೆರೆದಿರುವುದು: 2025ರಲ್ಲಿ ಚಾಪೆಲ್ ಮುಚ್ಚಿದ್ದರೂ ವ್ಯಾಟಿಕನ್ ಮ್ಯೂಸಿಯಂ ತೆರೆದೇ ಇತ್ತು. ಸಂತ ಪೀಟರರ ಮಹಾದೇವಾಲಯಕ್ಕೆ ಪ್ರವೇಶ ಉಚಿತ. ಮೈಕೆಲೇಂಜೆಲೊ ಕೆತ್ತಿದ ಪಿಯೆತಾ ಶಿಲ್ಪ ಅಲ್ಲಿಯೇ ಇದೆ. ಆದರೆ ಅಂತಿಮ ದರ್ಶನ, ಅಂತ್ಯಕ್ರಿಯೆ, ಹೊಸ ಪೋಪರ ಪದಗ್ರಹಣದ ದಿನಗಳಲ್ಲಿ ಪ್ರವಾಸಿಗರಿಗೆ ಒಳಗೆ ಹೋಗುವುದು ಕಷ್ಟ. ಫ್ರಾನ್ಸಿಸ್‌ರ ಅಂತಿಮ ದರ್ಶನಕ್ಕೆ ಮೂರು ದಿನಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಬಂದಿದ್ದರು.

ಸದಸ್ಯರು ಮಾಡಬೇಕಾದದ್ದು: ಚಾಪೆಲ್ ಬಂದ್ ಇದ್ದರೆ ಬದಲಿಗೆ ಏನು ತೋರಿಸುತ್ತೀರಿ, ಹಣ ಎಷ್ಟು ಮರಳಿಸುತ್ತೀರಿ ಎಂದು ಮುಂಗಡ ಕೊಡುವ ಮೊದಲೇ ಟೂರ್ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಹೊರಡುವ ವಾರ ಮ್ಯೂಸಿಯಂನ ಅಧಿಕೃತ ಜಾಲತಾಣ ನೋಡಿ. ಮೊಣಕಾಲು ನೋವಿರುವವರು ಸಮಾರಂಭದ ದಿನ ಚೌಕದ ಕಡೆ ಹೋಗದೆ ರೋಮಿನ ಬೇರೆ ಸ್ಥಳಗಳನ್ನು ನೋಡುವುದು ಒಳ್ಳೆಯದು.

ಪ್ರವಾಸ ಸುಖಕರವಾಗಲಿ.

– ಕಾರ್ಯದರ್ಶಿ