ಜಾಲಹಳ್ಳಿಯ ಗಡಿಯಾರ, ಹೊಸೂರಿನ ಗಡಿಯಾರ

ನಾನು ಬಿ.ಇಡಿ. ಮುಗಿಸಿದ ವರ್ಷ ತಂದೆಯವರು ತಮ್ಮ ಮಣಿಕಟ್ಟಿನಿಂದ ಎಚ್‌ಎಂಟಿ ಜನತಾ ಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. "ಮೇಷ್ಟ್ರ ಕೈಯಲ್ಲಿ ಗಡಿಯಾರವಿಲ್ಲದಿದ್ದರೆ ಹೇಗೆ?" ಎಂಬುದೇ ಅವರ ಆಶೀರ್ವಾದ. ಪೀಣ್ಯದ ಬಳಿಯ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ಅಷ್ಟೂ ವರ್ಷ ಅದಕ್ಕೆ ಪ್ರತಿದಿನ ಬೆಳಿಗ್ಗೆ ಕೀಲಿ ಕೊಟ್ಟಿದ್ದೇನೆ. ಇಂದಿಗೂ ಕೊಡುತ್ತೇನೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ತಂಡವೊಂದರ ಮುಖ್ಯಸ್ಥ. ಕೃತಕ ಬುದ್ಧಿಮತ್ತೆ ಬಂದ ಮೇಲೆ ತನ್ನ ಕಚೇರಿಯಲ್ಲಿ ದಿನವೂ ಒಂದೇ ಉಪದೇಶ, "ಬದಲಾವಣೆಯನ್ನು ಅಪ್ಪಿಕೊಳ್ಳಿ" ಎಂದು ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. ನನ್ನ ಕಣ್ಣು ಕೈಗಡಿಯಾರದತ್ತ ಹೋಯಿತು. ಅಪ್ಪಿಕೊಂಡವರ ಮತ್ತು ಅಪ್ಪಿಕೊಳ್ಳಲಾಗದವರ ಕಥೆಯೊಂದು ನಮ್ಮ ಊರಿನ ಅಂಚಿನಲ್ಲೇ ನಡೆದುಹೋಗಿದೆಯಲ್ಲ!

ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದದ್ದು ಗಡಿಯಾರಕ್ಕಾಗಿ ಅಲ್ಲ, ಲೇತ್‌ನಂತಹ ಯಂತ್ರಗಳನ್ನು ತಯಾರಿಸುವುದಕ್ಕಾಗಿ. ಗಡಿಯಾರ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಅಷ್ಟರಲ್ಲಿ 1965 ಮತ್ತು 1966ರ ಬರಗಾಲಗಳು ಬಂದವು, ರೂಪಾಯಿಯ ಅಪಮೌಲ್ಯವಾಯಿತು, ಪಂಚವಾರ್ಷಿಕ ಯೋಜನೆಗೇ ಮೂರು ವರ್ಷ ರಜೆ ಸಿಕ್ಕಿತು. ಹೊಸ ಕಾರ್ಖಾನೆಗಳು ನಿಂತವು. ಕಾರ್ಖಾನೆಗಳಿಗೆ ಯಂತ್ರ ಮಾರುವವನ ಪಾಡೇನು? ಬೇಡಿಕೆ ಕುಸಿಯಿತು. ಆ ಕಾಲದಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದವರು ಎಸ್. ಎಂ. ಪಾಟೀಲರು. ಒಂದೇ ಬಗೆಯ ಸರಕನ್ನು ನಂಬಿದರೆ ಸಂಸ್ಥೆ ಉಳಿಯದೆಂದು ಅವರ ಕಾಲದ ಎಚ್‌ಎಂಟಿ ಅರಿತಿತ್ತು. ಮುದ್ರಣಯಂತ್ರಗಳ ಕಡೆ ತಿರುಗಿತು. 1971ರಲ್ಲಿ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದ ಜೀಟರ್ ತಂತ್ರಜ್ಞಾನದ ಟ್ರಾಕ್ಟರ್ ಹೊರಬಂತು. ಲೇತ್ ಮಾಡುವವರು ಉಳುವ ಯಂತ್ರ ಮಾಡಿದರು. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಧೈರ್ಯವಲ್ಲ.

ಇತ್ತ ಗಡಿಯಾರ ಮನೆಮಾತಾಯಿತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ, ನಿವೃತ್ತಿಯಲ್ಲಿ ಗುಮಾಸ್ತರಿಗೆ ಎಚ್‌ಎಂಟಿ. ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳಾದವು.

ಆದರೆ 1969ರ ಡಿಸೆಂಬರಿನಲ್ಲಿಯೇ ಜಪಾನಿನ ಸೈಕೋ ಕಂಪನಿಯು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಗಣಿತದ ಮೇಷ್ಟ್ರಾದ ನನಗೆ ಇಲ್ಲಿ ಸುಮ್ಮನಿರಲಾಗದು. ನನ್ನ ಜನತಾ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ಇಂದಿನ ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆ ಏಕೆ? ಎರಡರಿಂದ 15 ಸಲ ಭಾಗಿಸಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ! ಆ ಒಂದೇ ಸೆಕೆಂಡಿನ ಒಂದು ಹೆಜ್ಜೆ. ಸ್ಪ್ರಿಂಗು ಬೇಡ, ಸಮತೋಲನ ಚಕ್ರ ಬೇಡ, ಅವನ್ನು ಹೊಂದಿಸುವ ಪಳಗಿದ ಕೈಯೂ ಅಷ್ಟಾಗಿ ಬೇಡ. ಗಡಿಯಾರಕ್ಕೆ ಹೆಸರಾದ ಸ್ವಿಟ್ಜರ್ಲೆಂಡಿನಲ್ಲಿ 1970ರಲ್ಲಿ ಈ ಉದ್ಯಮದಲ್ಲಿದ್ದವರು ಸುಮಾರು 90,000 ಮಂದಿ. ಹದಿನೈದು ವರ್ಷಗಳಲ್ಲಿ ಅದು ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯಿತು.

ಎಚ್‌ಎಂಟಿಗೆ ಇದು ತಿಳಿದಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1980ರ ದಶಕದ ಆರಂಭದಲ್ಲಿಯೇ ಅದು ಕ್ವಾರ್ಟ್ಸ್ ಗಡಿಯಾರಗಳನ್ನು ತಯಾರಿಸಿತ್ತು. ಆದರೂ ಅದರ ಬಲವೆಲ್ಲ ಕೀಲಿ ಗಡಿಯಾರದ ಮೇಲೆಯೇ ಉಳಿಯಿತು. 1966ರಲ್ಲಿ ಸಂಸ್ಥೆಯ ಬಾಗಿಲಿಗೆ ಬಂದದ್ದು ಬರಗಾಲ, ಬದಲಾಗದೆ ಗತಿಯಿರಲಿಲ್ಲ. ಕ್ವಾರ್ಟ್ಸ್ ಬಂದಾಗ ಅಂಗಡಿಯ ಮುಂದೆ ಗಿರಾಕಿಗಳು ಕಾದಿದ್ದರು. ಮನೆ ತುಂಬಿರುವಾಗ ಸೂರು ಸೋರುವುದು ಯಾರ ಕಣ್ಣಿಗೂ ಬೀಳದು. ಮೇಲಾಗಿ ಅದು ಸರ್ಕಾರಿ ಸಂಸ್ಥೆ. ಅಷ್ಟು ಕಾರ್ಖಾನೆಗಳ ಹಳೆಯ ಯಂತ್ರಗಳನ್ನು, ಸಾವಿರಾರು ನೌಕರರನ್ನು ಬಿಟ್ಟು ಹೊರಳಲು ಅಧಿಕಾರಿಯೊಬ್ಬರ ಇಚ್ಛೆಯಷ್ಟೇ ಸಾಲದು, ದೆಹಲಿಯೂ ಒಪ್ಪಬೇಕಿತ್ತು.

ಅದೇ ವೇಳೆಗೆ, 1984ರಲ್ಲಿ, ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ ಟೈಟಾನ್ ಸ್ಥಾಪಿಸಿದವು. ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ಕಾರ್ಖಾನೆ. ಮುಖ್ಯಸ್ಥರಾದ ಝರ್ಕ್ಸಿಸ್ ದೇಸಾಯಿಯವರು ಮೊದಲಿನಿಂದಲೂ ಕ್ವಾರ್ಟ್ಸನ್ನೇ ನೆಚ್ಚಿದರು. ಜಾಲಹಳ್ಳಿಯಲ್ಲಿ ಪಳಗಿದ ಕೆಲವು ಎಂಜಿನಿಯರುಗಳೂ ಅತ್ತ ಹೋದರು. ಹಳ್ಳಿಗಳ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟರೆಂಬುದು ಮೇಷ್ಟ್ರಾದ ನನಗೆ ವಿಶೇಷವಾಗಿ ಹಿಡಿಸಿದ ಸಂಗತಿ. 1987ರಲ್ಲಿ ಗಡಿಯಾರ ಬಂತು, ಟೀವಿಯಲ್ಲಿ ಮೊಜಾರ್ಟನ ಸಂಗೀತವೂ ಬಂತು. ಗಂಟೆ ನೋಡುವ ಸಾಧನ ಒಡವೆಯಾಯಿತು.

ದೇಸಾಯಿಯವರನ್ನು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ. ಅವರಿಗೆ ಬಿಡಬೇಕಾದ ಹಳೆಯದು ಏನೂ ಇರಲಿಲ್ಲ. ಖಾಲಿ ಕೈಯವನಿಗೆ ಅಪ್ಪುಗೆ ಸುಲಭ. ಅವರ ನಿಜವಾದ ಪರೀಕ್ಷೆ ನಡೆದದ್ದು 1990ರ ದಶಕದಲ್ಲಿ, ಗಡಿಯಾರದಲ್ಲಿ ಗೆದ್ದಿದ್ದಾಗಲೇ ತನಿಷ್ಕ್ ಹೆಸರಿನಲ್ಲಿ ಆಭರಣಕ್ಕೆ ಇಳಿದಾಗ. ಮೊದಲ ವರ್ಷಗಳು ನಷ್ಟದವು. ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಧಾನ ಕಚೇರಿಯಿರುವ ಆ ಸಂಸ್ಥೆಯ ಆದಾಯದ ಬಹುಪಾಲು ಆಭರಣದಿಂದಲೇ. ಗಿರಾಕಿ ಬಾಗಿಲಲ್ಲಿರುವಾಗ ಬೇರೆ ದಾರಿ ಹುಡುಕಿದ್ದು ದೊಡ್ಡದು. ಅದನ್ನು ಮಾತ್ರ ನಾನು ಪಾಟೀಲರ ಟ್ರಾಕ್ಟರಿನ ಪಕ್ಕದಲ್ಲಿಡುತ್ತೇನೆ.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂನಿವೃತ್ತಿ. ಯಂತ್ರ ಬದಲಾಯಿಸುವ ನಿರ್ಧಾರ ಎಂದೂ ಅವರ ಕೈಯಲ್ಲಿರಲಿಲ್ಲ.

ಇಷ್ಟನ್ನೂ ಕೇಳಿದ ನನ್ನ ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರ್, ನನ್ನ ಕೆಳಗೆ ನಲವತ್ತು ಮಂದಿ ಇದ್ದಾರೆ. ಅವರಿಗೆ ಏನು ಹೇಳಲಿ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬರೋಣವೆಂದೆ. ಅವನು ಒಪ್ಪಿದ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ, "ಅಮ್ಮನನ್ನೂ ಕರೆತರುತ್ತೇನೆ ಸರ್. ಅವರು ಅಲ್ಲಿ ಗಡಿಯಾರ ಜೋಡಿಸುತ್ತಿದ್ದವರು. ಅವರೇ ನಮಗೆ ತೋರಿಸಲಿ" ಎಂದ.