ಮಕ್ಕಳ ಉಬ್ಬಸ: ಉಪಚಾರ ನಡೆದುಬಂದ ದಾರಿ

ಮಲಗಿದರೆ ಉಸಿರುಕಟ್ಟುವುದು, ಎದ್ದು ಕುಳಿತರೆ ತುಸು ಹಗುರಾಗುವುದು, ಮೋಡ ಕವಿದಾಗ ಉಲ್ಬಣಿಸುವುದು ಇವೆಲ್ಲ ಚರಕಸಂಹಿತೆಯು ಐದು ಬಗೆಯ ಶ್ವಾಸರೋಗಗಳಲ್ಲಿ ಒಂದಾದ ತಮಕಶ್ವಾಸಕ್ಕೆ ಹೇಳಿರುವ ಲಕ್ಷಣಗಳಾಗಿದ್ದು, ಕನ್ನಡದ ಮನೆಗಳಲ್ಲಿ ಉಬ್ಬಸ, ಗೂರಲು, ದಮ್ಮು ಎಂದು ಕರೆಯುವ ಆಸ್ತಮಾಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಧೂಳು ಮತ್ತು ಹೊಗೆಗಳನ್ನೂ ಆ ಗ್ರಂಥ ಕಾರಣಗಳ ಸಾಲಿಗೆ ಸೇರಿಸಿದೆ. ಪಾಶ್ಚಾತ್ಯ ವೈದ್ಯಕ್ಕೆ ಭಾರತದಿಂದ ಸಂದ ಒಂದು ಮದ್ದೂ ಈ ಚರಿತ್ರೆಯಲ್ಲಿ ಸೇರಿದೆ: ದತ್ತೂರಿಯ ಹೊಗೆ ಎಳೆಯುವ ರೂಢಿ 1802ರ ಸುಮಾರಿಗೆ ಮದರಾಸಿನಿಂದ ಬ್ರಿಟನ್ನಿಗೆ ಹೋಗಿ, ಮುಂದೆ ‘ಆಸ್ತಮಾ ಸಿಗರೇಟು’ಗಳ ರೂಪದಲ್ಲಿ ಯುರೋಪಿನ ಔಷಧದಂಗಡಿಗಳನ್ನು ತುಂಬಿತು. ಶ್ವಾಸನಾಳದ ಬಿಗಿತವನ್ನು ಸಡಿಲಿಸುವ ಗುಣ ಆ ಗಿಡಕ್ಕೆ ನಿಜವಾಗಿ ಇದ್ದರೂ ಅದು ವಿಷದ ಗಿಡ. ಹೊಗೆಯಾಗಿ ಎಷ್ಟು ಮದ್ದು ಒಳಹೋಯಿತೆಂದು ಅಳೆಯುವ ದಾರಿ ಇರಲಿಲ್ಲ.

20ನೆಯ ಶತಮಾನದ ಮೊದಲರ್ಧದಲ್ಲಿ ಆಸ್ತಮಾವನ್ನು ಮನಸ್ಸಿನ ಕಾಯಿಲೆಯೆಂದು ಬಗೆಯುವ ವಿಚಾರ ಬಲಗೊಂಡು, ಮಕ್ಕಳ ಪಾಲಿಗೆ ಬಲು ಕಠೋರವಾಯಿತು. ನ್ಯೂಯಾರ್ಕಿನ ಮಕ್ಕಳ ವೈದ್ಯ ಮರ್ರೆ ಪೆಶ್ಕಿನ್ ಅವರು, ಯಾವ ಮದ್ದಿಗೂ ಬಗ್ಗದ ಮಕ್ಕಳನ್ನು ತಂದೆತಾಯಿಯರಿಂದ ದೂರವಿರಿಸಿದರೆ ಗುಣ ಕಾಣುತ್ತದೆಂದು 1930ರ ಹೊತ್ತಿಗೆ ವಾದಿಸಿದರು. ಹೆತ್ತವರನ್ನೇ ಶಸ್ತ್ರಕ್ರಿಯೆಯಿಂದ ಕತ್ತರಿಸಿ ತೆಗೆದಂತೆ ಎಂಬ ಅರ್ಥದಲ್ಲಿ ಈ ಕ್ರಮಕ್ಕೆ ‘ಪೇರೆಂಟೆಕ್ಟಮಿ’ ಎಂಬ ಹೆಸರು ಬಿತ್ತು. ಅಮೆರಿಕದ ಡೆನ್ವರ್ ನಗರದಲ್ಲಿದ್ದ ಇಂಥ ವಸತಿಗೃಹವೊಂದರಲ್ಲಿ ಮಕ್ಕಳು ತಿಂಗಳುಗಟ್ಟಲೆ ಉಳಿದರು, ಹಲವರು ಸುಧಾರಿಸಿದರು ಕೂಡ. ಆದರೆ ಅದಕ್ಕೆ ಬೇರೆ ಕಾರಣವೂ ಇದ್ದಿರಬಹುದು: ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಆ ಊರಿನ ಒಣಹವೆಯಲ್ಲಿ, ಹಾಸಿಗೆ ದಿಂಬುಗಳಲ್ಲಿ ನೆಲೆಸಿ ಆಸ್ತಮಾ ಕೆರಳಿಸುವ ಧೂಳುಹುಳುಗಳು ಚೆನ್ನಾಗಿ ಬೆಳೆಯವು. ಮನೆಯ ಧೂಳಿನಲ್ಲಿ ಈ ಹುಳುಗಳ ಪಾತ್ರವೇನೆಂಬುದನ್ನು ನೆದರ್‌ಲೆಂಡ್ಸ್‌ನ ಸಂಶೋಧಕರು 1960ರ ದಶಕದಲ್ಲಷ್ಟೇ ತೋರಿಸಿಕೊಟ್ಟರು. ಅಷ್ಟರೊಳಗೆ ಎಷ್ಟೋ ತಾಯಂದಿರು, ಮಗುವಿನ ಉಸಿರು ಕಟ್ಟುವುದಕ್ಕೆ ತಮ್ಮ ಮಮತೆಯೇ ಕಾರಣವೆಂಬ ಆರೋಪ ಹೊತ್ತಿದ್ದರು. ಅದು ವೈದ್ಯಶಾಸ್ತ್ರ ಮಾಡಿದ ಅನ್ಯಾಯವೇ ಸರಿ.

1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಅಧ್ಯಕ್ಷ ಜಾರ್ಜ್ ಮೇಸನ್ ಅವರನ್ನು, ಆಸ್ತಮಾವಿದ್ದ ಅವರ 13 ವರ್ಷದ ಮಗಳು, ಹೇರ್‌ಸ್ಪ್ರೇಯಂತೆ ತನ್ನ ಮದ್ದನ್ನೂ ಡಬ್ಬಿಯಲ್ಲಿ ಏಕೆ ತುಂಬಬಾರದೆಂದು ಕೇಳಿದಳು. ಮರುವರ್ಷವೇ ಒತ್ತಿದಷ್ಟು ಬಾರಿಯೂ ಒಂದೇ ಅಳತೆಯ ಔಷಧ ಚಿಮ್ಮುವ ಇನ್ಹೇಲರ್ ಮಾರುಕಟ್ಟೆಗೆ ಬಂತು. ಇದು ನಿಜಕ್ಕೂ ದೊಡ್ಡ ಹೆಜ್ಜೆಯಾಗಿದ್ದರೂ ಅದರ ಬೆನ್ನಿಗೇ ದುರಂತವೂ ಬಂತು. 1960ರ ದಶಕದಲ್ಲಿ ಐಸೊಪ್ರೆನಲಿನ್ ಎಂಬ, ನಾಳವನ್ನು ಹಿಗ್ಗಿಸುವ ಜೊತೆಗೆ ಹೃದಯವನ್ನೂ ಉದ್ರೇಕಿಸುವ ಔಷಧದ ಇನ್ಹೇಲರುಗಳ ಬಳಕೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೆಚ್ಚಿದಂತೆ ಆಸ್ತಮಾದ ಸಾವುಗಳೂ ಏರಿ, 1966ರ ಹೊತ್ತಿಗೆ 10ರಿಂದ 14 ವರ್ಷದ ಮಕ್ಕಳ ಒಟ್ಟು ಸಾವುಗಳಲ್ಲಿ ಸುಮಾರು ಶೇ. 7ರಷ್ಟು ಈ ಕಾಯಿಲೆಯಿಂದಲೇ ಸಂಭವಿಸಿದವು. ಔಷಧವೇ ಕೊಂದಿತೋ, ಅದು ಕೊಟ್ಟ ಕ್ಷಣಿಕ ನೆಮ್ಮದಿಯನ್ನು ನಂಬಿ ಆಸ್ಪತ್ರೆಗೆ ಹೋಗಲು ತಡವಾಯಿತೋ ಎಂಬ ಚರ್ಚೆ ಬಹುಕಾಲ ನಡೆಯಿತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ಹೋಗಿ, ಮರುವರ್ಷ ಚೀಟಿಯಿಲ್ಲದ ಮಾರಾಟ ನಿಂತ ಮೇಲೆ ಸಾವುಗಳು ಇಳಿದವು.

ಮುಂದೆ 1969ರಲ್ಲಿ ಬಂದ ಸಾಲ್ಬುಟಮಾಲ್ ಹೃದಯಕ್ಕೆ ಅಷ್ಟಾಗಿ ತಾಗದೆ ನಾಳವನ್ನು ಹಿಗ್ಗಿಸಿತು. 1972ರ ಬೆಕ್ಲೊಮೆಥಸೋನ್, ಅಂದರೆ ಉಸಿರಿನೊಡನೆ ಎಳೆದುಕೊಳ್ಳುವ ಸ್ಟಿರಾಯ್ಡ್, ಉಬ್ಬಸದ ಮೂಲವಾದ ನಾಳದ ಉರಿಯೂತವನ್ನೇ ತಗ್ಗಿಸಿತು. ಮೊದಲನೆಯದು ಶಮನಕ, ಎರಡನೆಯದು ನಿತ್ಯ ಬಳಸಬೇಕಾದ ನಿವಾರಕ. ಇನ್ಹೇಲರ್ ಪಂಪನ್ನು ಒತ್ತುವ ಕ್ಷಣಕ್ಕೆ ಸರಿಯಾಗಿ ಉಸಿರೆಳೆಯಲಾರದ ಎಳೆಯರಿಗಾಗಿ ಸ್ಪೇಸರ್ ಎಂಬ ಕೊಳವೆ ಬಂದು, ಶಿಶುಗಳಿಗೂ ಈ ಔಷಧ ತಲುಪುವಂತಾಯಿತು.

ಮದ್ದುಗಳು ಸುಧಾರಿಸುತ್ತಿದ್ದಾಗಲೇ, ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇದು ಇಡೀ ಊರಿನ ಲೆಕ್ಕವಲ್ಲವಾದರೂ ವಾಹನಗಳ ಹೊಗೆಯೊಡನೆ ಬೆಳೆದ ನಗರಕ್ಕೆ ಗಂಭೀರವಾದ ಎಚ್ಚರಿಕೆ. ಆದರೂ ಪಂಪು ಹಿಡಿದರೆ ಬಿಡಲಾಗದು, ಎದೆಗೆ ಕೆಟ್ಟದ್ದು ಎಂಬ ಭಯ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಹಿಂದೆ ಅನಾಹುತವಾದದ್ದು ಶಮನಕವೊಂದನ್ನೇ ಅತಿಯಾಗಿ ನಂಬಿದ್ದರಿಂದಲೇ ಹೊರತು, ಅಲ್ಪ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ತಲುಪುವ ನಿವಾರಕದಿಂದಲ್ಲ. ಹಾಗಾಗಿ ವೈದ್ಯರನ್ನು ಕೇಳದೆ, ಮಗು ಗೆಲುವಾಗಿದೆಯೆಂದು ಅದನ್ನು ನಿಲ್ಲಿಸದಿರಲಿ ಎಂಬುದೇ ಹೆತ್ತವರಲ್ಲಿ ಮಾಡಬೇಕಾದ ವಿನಂತಿ.